ಕರಾವಳಿಯ ಒಂದು ಕಡೆ ಮಳೆ

ಹವಾಮಾನ ತಿಳಿಯುವುದಕ್ಕೆ ದೊಡ್ಡ ದೊಡ್ಡ ದೇಶಗಳು ಉಪಗ್ರಹ ಇಟ್ಟುಕೊಂಡಿವೆ. ನನ್ನ ಭಾವ ಅದೇ ಕೆಲಸಕ್ಕೆ ನನ್ನ ಅಕ್ಕನನ್ನು ಇಟ್ಟುಕೊಂಡಿದ್ದಾರೆ. ಇಟ್ಟುಕೊಂಡಿದ್ದಾರೆ ಎಂದರೆ ತಪ್ಪು ತಿಳಿಯಬೇಡಿ, ಊರವರೆಲ್ಲರ ಎದುರು ಧಾರೆ ಎರೆಸಿಕೊಂಡೇ ಇಟ್ಟುಕೊಂಡದ್ದು! ಉಪಗ್ರಹಕ್ಕೂ ಅಕ್ಕನಿಗೂ ಇರುವ ವ್ಯತ್ಯಾಸ ಇಷ್ಟೇ. ಉಪಗ್ರಹ ಎದುರು ಮಾತನಾಡುವುದಿಲ್ಲ.

ಭಾವ ಕತಾರಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳ ಮಾಡಿಗೆ, ಅಂದರೆ ಛಾವಣಿಗೆ, ತಗಡಿನ ಶೀಟು ಹೊದೆಸುವ ಗ್ಯಾಂಗಿನ ಫೋರ್‌ಮನ್. ನಾನು ವೆಸ್ಟ್ ಬೇಯ ಗಾಜಿನ ಕಟ್ಟಡವೊಂದರ ಹದಿನೆಂಟನೇ ಮಾಳಿಗೆಯಲ್ಲಿ ಫೈಲು ಜೋಡಿಸುವವನು. ಹೊರಗೆ ನಲವತ್ತಾರು ಡಿಗ್ರಿ ಇರುವಾಗ ಒಳಗೆ ಸ್ವೆಟರ್ ಹಾಕಿಕೊಂಡು ಚಳಿ ಚಳಿ ಎಂದು ಗೊಣಗುವ ಗಿರಾಕಿ. ನಾವಿಬ್ಬರೂ ಇರುವುದು ದೋಹಾದ ನಜ್ಮಾದಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಅಕ್ಕ ಇರುವುದು ಕಾಪುವಿನ ಹತ್ತಿರ, ಹೆದ್ದಾರಿ ಬದಿಯ ಎರಡು ಕೋಣೆಯ ತಾರಸಿ ಮನೆಯಲ್ಲಿ. ಅಲ್ಲಿನ ಅಂಗನವಾಡಿಯಲ್ಲಿ ಅವಳು ಟೀಚರ್. ನಮ್ಮ ಮನೆಮಾತು ತುಳು. ನಿಮ್ಮ ಅನುಕೂಲಕ್ಕಾಗಿ ಎಲ್ಲರ ಬಾಯಿಗೂ ಕನ್ನಡ ಹಾಕಿದ್ದೇನೆ, ಭಾವನ ಬಾಯಿಗೆ ಹಾಕುವುದು ಮಾತ್ರ ಸ್ವಲ್ಪ ಕಷ್ಟವಾಯಿತು.

ಮೂವತ್ತು ವರ್ಷ ಶೀಟಿನ ಜೊತೆ ಸಂಸಾರ ಮಾಡಿದ ಮನುಷ್ಯ ಹೇಗಿರುತ್ತಾನೆ? ಎಲ್ಲಿ ತಗಡು ಕಂಡರೂ ಭಾವ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟುತ್ತಾರೆ, ಕಿವಿ ಹತ್ತಿರ ತರುತ್ತಾರೆ, ಅದರ ದಪ್ಪ ಎಷ್ಟು, ಅಡಿಯಲ್ಲಿ ಎಷ್ಟು ಅಂತರಕ್ಕೆ ಪಟ್ಟಿ ಕೊಟ್ಟಿದ್ದಾರೆ, ಯಾವ ಮೂಲೆಯ ಸ್ಕ್ರೂ ಸಡಿಲ ಎಂದು ಹೇಳುತ್ತಾರೆ. ಒಮ್ಮೆ ನಮ್ಮ ಬಾಸು ನನ್ನನ್ನು ಕೋಣೆಯವರೆಗೆ ತಮ್ಮ ಹೊಸ ಕಾರಿನಲ್ಲಿ ಬಿಟ್ಟರು. ಕೆಳಗೆ ನಿಂತಿದ್ದ ಭಾವ ನಮಸ್ಕಾರ ಮಾಡುವ ಮೊದಲು ಬಾನೆಟ್ ಕುಟ್ಟಿ, "ತೆಳು ಉಂಟು" ಎಂದುಬಿಟ್ಟರು. ಆಮೇಲೆ ಬಾಸು ನನ್ನನ್ನು ಬಿಡುವುದಿದ್ದರೆ ಮುಖ್ಯರಸ್ತೆಯಲ್ಲೇ ಇಳಿಸುತ್ತಾರೆ.

ಇರಲಿ, ಹವಾಮಾನಕ್ಕೆ ಬರೋಣ. ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೆ ಭಾವನ ದಿನಚರಿ ಶುರು. ಊರಿನಲ್ಲಿ ಆಗ ಏಳೂವರೆ. ಬಾಲ್ಕನಿಯಲ್ಲಿ ನಿಂತು ಅಕ್ಕನಿಗೆ ಫೋನು. "ತಿಂಡಿ ಆಯ್ತಾ? ಆರೋಗ್ಯ ಹೇಗುಂಟು?" ಎಂಬ ಯಾವ ಪೀಠಿಕೆಯೂ ಇಲ್ಲ.

"ಹೊರಗೆ ಹಿಡಿ."

ಅಕ್ಕ ಫೋನನ್ನು ಹಿಂಬಾಗಿಲಿನಿಂದ ಹೊರಗೆ ಹಿಡಿಯಬೇಕು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಭಾವ ಹಿಂದೊಂದು ರಜೆಯಲ್ಲಿ ತಾವೇ ಏಣಿ ಹತ್ತಿ ಹಾಕಿದ ಒಂದು ಶೀಟಿನ ಚಪ್ಪರ ಇದೆ. ಅದರ ಮೇಲೆ ಬೀಳುವ ಮಳೆಯ ಶಬ್ದವನ್ನು ಈ ಮಹಾನುಭಾವ ಕಣ್ಣು ಮುಚ್ಚಿ ಎರಡು ನಿಮಿಷ ಕೇಳುತ್ತಾರೆ. ಆಮೇಲೆ ಹದಿನಾರಾಣೆಗೆ ಇಷ್ಟೆಂದು ಅಂಕ ಕೊಡುತ್ತಾರೆ! "ಇದು ಎಂಟಾಣೆ ಮಳೆ." "ಇವತ್ತು ಹನ್ನೆರಡಾಣೆ, ಶಾಲೆಗೆ ರಜೆ ಕೊಡ್ತಾರೆ ನೋಡು." ಜಿಲ್ಲಾಧಿಕಾರಿಗಳು ರಜೆ ಕೊಟ್ಟರೋ ಬಿಟ್ಟರೋ, ಭಾವನ ಅಂಕ ಬಂದ ಮೇಲೆ ಅಕ್ಕ ಕೊಡೆ ಹಿಡಿದು ಅಂಗನವಾಡಿಗೆ ಹೋಗಲೇಬೇಕು. ಪುಟಾಣಿಗಳು ಬರುತ್ತವೆಯೇ ಇಲ್ಲವೇ ಎಂಬ ಮುನ್ಸೂಚನೆ ಮಾತ್ರ ಭಾವ ಇನ್ನೂ ಕೊಟ್ಟಿಲ್ಲ.

ಫೋನು ಇಟ್ಟ ಕೂಡಲೇ, ಅಕ್ಕನನ್ನು ಬಿಟ್ಟು ನಾನೂ ಗ್ಯಾಂಗಿನವರೂ ಇರುವ ವಾಟ್ಸ್ಯಾಪ್ ಗುಂಪಿಗೆ ಧ್ವನಿಸಂದೇಶ. ಗುಂಪಿನ ಹೆಸರು "ಪ್ರಾದೇಶಿಕ ಹವಾಮಾನ". ಯಾವ ಪ್ರದೇಶ? ಕಾಪುವಿನಿಂದ ಕತಾರಿನವರೆಗೆ! ನಡುವೆ ಒಂದು ಸಮುದ್ರ ಇರುವುದು ಭಾವನ ಲೆಕ್ಕದಲ್ಲಿ ದೊಡ್ಡ ವಿಷಯವಲ್ಲ. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿದ ಧಾಟಿ ಗಂಟಲಿನಲ್ಲಿ ಹಾಗೆಯೇ ಉಳಿದಿದೆ. "ಕರಾವಳಿಯ ಬಹುತೇಕ ಕಡೆಗಳಲ್ಲಿ ಉತ್ತಮ ಮಳೆಯಾಗಿದೆ. ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆ. ದೋಹಾದಲ್ಲಿ ವಾಯವ್ಯದ ಗಾಳಿ ಜೋರಾಗಿ ಬೀಸಲಿದ್ದು, ನಜ್ಮಾದ ಒಂದೆರಡು ಕಡೆಗಳಲ್ಲಿ ಎಸಿ ಸೋರುವ ಸಂಭವವಿದೆ." ಸೋರುವ ಆ ಒಂದೆರಡು ಕಡೆಗಳಲ್ಲಿ ಒಂದು ಯಾವಾಗಲೂ ನನ್ನ ಮಂಚದ ಮೇಲೆಯೇ ಇರುತ್ತಿತ್ತು.

ಈ ಧಾಟಿಯಲ್ಲಿ ಭಾವ ಆಗೀಗ ಒಂದು ತಪ್ಪು ಮಾಡುತ್ತಿದ್ದರು. "ಕರಾವಳಿಯ ಒಂದು ಕಡೆ ಮಳೆಯಾಗಿದೆ" ಎನ್ನುತ್ತಿದ್ದರು. ಒಂದು ಕಡೆ! ಬಹುತೇಕ ಕಡೆ ಕೇಳಿದ್ದೇವೆ, ಕೆಲವು ಕಡೆ ಕೇಳಿದ್ದೇವೆ, ಒಂದೆರಡು ಕಡೆ ಕೇಳಿದ್ದೇವೆ. ಯಾವ ರೇಡಿಯೋದವರಾದರೂ ಒಂದು ಕಡೆ ಎಂದದ್ದುಂಟೇ? "ಭಾವ, ಅದು ಒಂದೆರಡು ಕಡೆ" ಎಂದು ನಾನು ತಿದ್ದಿದರೆ, "ನನ್ನ ವರದಿ, ನನ್ನ ಕಡೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಠದಲ್ಲಿ ಅವರನ್ನು ಗೆದ್ದವರು ಯಾರೂ ಇಲ್ಲ.

ಸೆಕೆಗೂ ಅವರು ಹೆಸರಿಟ್ಟಿದ್ದಾರೆ, ಮಳೆ ನಕ್ಷತ್ರದ ಹೆಸರು! ಜೂನಿನಲ್ಲಿ ಮೃಗಶಿರಾ ಸೆಕೆ, ಒಣ ಗಾಳಿ, ಮೂಗಿನೊಳಗೆ ಮರಳು. ಜುಲೈಯಲ್ಲಿ ಪುನರ್ವಸು ಸೆಕೆ. ಆಗಸ್ಟಿನಲ್ಲಿ ಆಶ್ಲೇಷಾ ಸೆಕೆ, ಅದು ಒದ್ದೆ, ಅದು ಅಪಾಯ. ಕೆಳಗಿನ ಅಂಗಡಿಯ ಟೈಲರ್ ಕಾಕ ಬಂಟ್ವಾಳ ಕಡೆಯ ಬ್ಯಾರಿ, ನಲವತ್ತು ವರ್ಷದಿಂದ ನಜ್ಮಾದಲ್ಲೇ ಕತ್ತರಿ ಆಡಿಸುತ್ತಿರುವವರು. ಅವರಿಗೂ ಭಾವನಿಗೂ ದಿನಾ ಜಗಳ.

"ನಿಮ್ಮ ನಕ್ಷತ್ರಕ್ಕೆ ವೀಸಾ ಉಂಟಾ ಮಾರಾಯ್ರೆ? ಇಲ್ಲಿಗೆ ಹೇಗೆ ಬಂತು ಅದು?" ಎಂದು ಕಾಕ ಕೇಳಿದರೆ, ಭಾವ ಗಂಭೀರವಾಗಿ, "ನಕ್ಷತ್ರ ಮೇಲಿಂದ ಹೋಗುದು ಕಾಕ, ಇಮಿಗ್ರೇಶನ್ ಕೌಂಟರು ಇರುದು ಕೆಳಗೆ" ಎನ್ನುತ್ತಾರೆ.

ಇನ್ನು ಬೈರಾಸಿನ, ಅಂದರೆ ಮೈ ಒರೆಸುವ ಟವೆಲಿನ, ಪರೀಕ್ಷೆ. ಅಕ್ಕನ ಫೋನಿಗೆ ಮೊದಲೇ ಬೈರಾಸನ್ನು ನೀರಿನಲ್ಲಿ ಅದ್ದಿ, ಹಿಂಡಿ ಬಾಲ್ಕನಿಯಲ್ಲಿ ಹರಡುತ್ತಾರೆ. ಕೆಲಸಕ್ಕೆ ಕರೆದೊಯ್ಯುವ ಪಿಕಪ್ ಬರುವುದರೊಳಗೆ ಅದು ಹಪ್ಪಳವಾದರೆ ದಿನ ಒಳ್ಳೆಯದು. ಒದ್ದೆಯಾಗಿಯೇ ಉಳಿದರೆ ಕೆಟ್ಟದ್ದು. ಹೀಗೆ ಪರೀಕ್ಷೆಗೆ ಒಳಗಾದ ಬೈರಾಸುಗಳಲ್ಲಿ ಅರ್ಧ ನನ್ನವು. ಎಷ್ಟೋ ದಿನ ನಾನು ಸ್ನಾನ ಮಾಡಿ ಒದ್ದೆ ಬೈರಾಸಿನಲ್ಲೇ ಮೈ ಒರೆಸಿಕೊಂಡು ಆಫೀಸಿಗೆ ಹೋಗಿದ್ದೇನೆ.

ಮಳೆಗೂ ಸೆಕೆಗೂ ಏನು ಸಂಬಂಧ ಎಂದು ಒಂದು ದಿನ ಕೆಫೆಟೇರಿಯಾದಲ್ಲಿ ಕೇಳಿಯೇಬಿಟ್ಟೆ. ಭಾವ ಕರಕ್ ಚಾದ ಗ್ಲಾಸನ್ನು ಮೇಜಿನ ನಡುವೆ ಇಟ್ಟರು.

"ಇದು ನಮ್ಮ ಊರು. ಮಳೆ ಬರುದು ಅಂದ್ರೆ ಎಂಥ? ಅಲ್ಲಿ ಒಂದು ದೊಡ್ಡ ಬಾಯಿ ಗಾಳಿ ಎಳೀತಾ ಉಂಟು, ಹೀಗೆ." ಸುರ್ರೆಂದು ಅರ್ಧ ಗ್ಲಾಸು ಎಳೆದರು. "ಅಲ್ಲಿ ಎಳೆದ್ರೆ ಇಲ್ಲಿಯ ಗಾಳಿಯೂ ಓಡ್ತದೆ. ಅಲ್ಲಿ ಮಳೆ ನಿಂತ್ರೆ ಇಲ್ಲಿ ಗಾಳಿ ಬೀಳ್ತದೆ. ಗಾಳಿ ಬಿದ್ರೆ ಸಮುದ್ರದ ಆವಿ ನಮ್ಮ ತಲೆ ಮೇಲೆ ಕೂತ್ಕೊಳ್ತದೆ. ಬೆವರು ಆರುದಿಲ್ಲ. ಬೆವರು ಆರದಿದ್ರೆ ಮನುಷ್ಯ ಬೀಳ್ತಾನೆ. ಅರ್ಥ ಆಯ್ತಾ?"

ಆಗಲಿಲ್ಲ ಎಂದೆ. ಇನ್ನೊಮ್ಮೆ ಸುರ್ರೆಂದರು. ಗ್ಲಾಸು ಖಾಲಿಯಾದದ್ದು ನೋಡಿ ಕೆಫೆಟೇರಿಯಾದ ಮಲಯಾಳಿ ಕೇಳದೆಯೇ ಇನ್ನೊಂದು ತಂದಿಟ್ಟ. ಮಳೆ ನಿಂತದ್ದು ವಿವರಿಸುವಷ್ಟರಲ್ಲಿ ಅದೂ ಖಾಲಿ. ನಾಲ್ಕು ಗ್ಲಾಸಿನ ಮೇಲೆ ನನಗೆ ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಭಾವನಿಗೆ ಆ ದಿನ ನಿದ್ದೆ ಬರುತ್ತಿರಲಿಲ್ಲ.

ನಗಬೇಡಿ. ನಾನೂ ನಗುತ್ತಿದ್ದೆ, ಆಮೇಲೆ ನಿಲ್ಲಿಸಿದೆ. ಮನುಷ್ಯ ಬೀಳ್ತಾನೆ ಎಂದರಲ್ಲ, ಅದು ಗ್ಲಾಸು ನೋಡಿ ಹೇಳಿದ ಮಾತಲ್ಲ. ಮೂರು ವರ್ಷದ ಹಿಂದಿನ ಆಗಸ್ಟಿನಲ್ಲಿ ಅವರ ಗ್ಯಾಂಗಿನ ಒಬ್ಬ ಫಿಟ್ಟರ್, ನೇಪಾಳದವನು, ಎರಡು ಮಕ್ಕಳ ತಂದೆ, ಮಾಡಿನ ಮೇಲೆ ಸ್ಕ್ರೂ ಬಿಗಿಯುತ್ತ ಬಿಗಿಯುತ್ತ ಹಾಗೆಯೇ ಒರಗಿಬಿಟ್ಟ. ಬೇಸಿಗೆಯಲ್ಲಿ ಹತ್ತು ಗಂಟೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಇಲ್ಲಿ ಕಾನೂನಿದೆ. ಆದರೆ ಅವನು ಬಿದ್ದದ್ದು ಬೆಳಿಗ್ಗೆ ಏಳೂಮುಕ್ಕಾಲಿಗೆ. ಭಾವ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಏಣಿಯಲ್ಲಿ ಇಳಿದರು. ಪುಣ್ಯಕ್ಕೆ ಬದುಕಿದ. ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಡುವವರೆಗೆ ಭಾವ ನೀರು ಮುಟ್ಟಲಿಲ್ಲ, ಮತ್ತು ಕೋಣೆಗೆ ಬಂದು ನನಗೆ ಒಂದೇ ಮಾತು ಹೇಳಿದರು.

"ಇನ್ನು ನನ್ನ ಮಾಡಿನ ಮೇಲೆ ಒಬ್ಬನೂ ಬೀಳ್ಬಾರ್ದು. ಬೀಳ್ಲಿಕ್ಕೆ ನಾನು ಬಿಡುದಿಲ್ಲ."

ಅಂದಿನಿಂದ ಶುರುವಾದದ್ದು ಈ ಎಲ್ಲ ಹುಚ್ಚು. ಫಿಟ್ಟರ್ ಬಿದ್ದ ವಾರ ಊರಿನಲ್ಲಿ ಮಳೆ ಇರಲಿಲ್ಲವೆಂದು ಅವರಿಗೆ ನೆನಪಾಯಿತು. ಮುಂದಿನ ವರ್ಷ ಒಂದು ನೋಟ್ ಪುಸ್ತಕ ಹಿಡಿದು, ಅಲ್ಲಿಯ ಮಳೆ ಇಲ್ಲಿಯ ಗಾಳಿ, ಅಲ್ಲಿಯ ಮಳೆ ಇಲ್ಲಿಯ ಗಾಳಿ ಎಂದು ಎರಡು ಸಾಲು ಬರೆಯತೊಡಗಿದರು. ಅರವತ್ತಕ್ಕೆ ಹತ್ತಿರವಾದ ಮನುಷ್ಯ, ಕಂಪನಿಯವರು ವರ್ಷ ವರ್ಷವೂ ಯೋಚಿಸಿ ಯೋಚಿಸಿ ವೀಸಾ ನವೀಕರಿಸುವ ಮನುಷ್ಯ, ಬೆಳಿಗ್ಗೆ ಹೆಂಡತಿಯ ಫೋನಿನಲ್ಲಿ ಮಳೆ ಕೇಳಿ, ಗ್ಯಾಂಗು ಮಾಡು ಹತ್ತಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾನೆ ಎಂದರೆ ಯಾವ ಇಂಜಿನಿಯರ್ ಒಪ್ಪುತ್ತಾನೆ? ಅದಕ್ಕಾಗಿ ಅವರು ಯಾರ ಒಪ್ಪಿಗೆಯನ್ನೂ ಕೇಳುತ್ತಿರಲಿಲ್ಲ.

ಈಗ ಕಥೆಗೆ ಒಂದು ತೂತು ಬೀಳುವ ಸಮಯ. ಅಕ್ಕ ಇಂಥದ್ದನ್ನೆಲ್ಲ ಓದುವವಳಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ, ಯಾರ ಹೆಸರನ್ನೂ ಹಾಕದಿರುವುದೂ ಅದಕ್ಕೇ.

ಕಳೆದ ವರ್ಷ ರಜೆಗೆ ಹೋದವನು ಆಗಸ್ಟಿನ ಕೊನೆಯಲ್ಲಿ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದೆ. ಬೆಳಿಗ್ಗೆ ಎದ್ದಾಗ ಹಿತ್ತಿಲಿನಲ್ಲಿ ಧೋ ಎಂದು ಮಳೆಯ ಶಬ್ದ. ಎದುರಿನ ಕಿಟಕಿಯಲ್ಲಿ ನೋಡಿದರೆ ಫಳಫಳ ಬಿಸಿಲು! ಇದೆಂಥ ಮಾಯೆ ಎಂದು ಹಿಂಬಾಗಿಲಿಗೆ ಬಂದೆ. ಅಕ್ಕ ನೈಟಿ ಎತ್ತಿಕಟ್ಟಿ, ಕಲ್ಲಿನ ಪಕ್ಕ ನಿಂತಿದ್ದಾಳೆ. ಎಡಗೈಯಲ್ಲಿ ಫೋನು. ಬಲಗೈಯಲ್ಲಿ ನಲ್ಲಿಯ ಪೈಪು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರು ಚದರುವಂತೆ ಮಾಡಿ, ಶೀಟಿನ ಮೇಲೆ ಹಾರಿಸುತ್ತಿದ್ದಾಳೆ!

"ಅಬ್ಬ, ಎಂಥ ಮಳೆ ಮಾರಾಯ್ರೆ! ಕೇಳ್ತದಾ? ನಿನ್ನೆಯಿಂದ ಬಿಟ್ಟೇ ಇಲ್ಲ!"

ನನ್ನನ್ನು ಕಂಡು ಕಣ್ಣಲ್ಲೇ ಗದರಿದಳು. ಅಷ್ಟರಲ್ಲಿ ಆಚೆ ಗೋಡೆಯ ಮೇಲಿನಿಂದ ನೆರೆಮನೆಯ ಹೆಂಗಸಿನ ತಲೆ ಮೂಡಿತು. "ಟೀಚರೇ, ಮಾಡು ತೊಳೆಯುದಾ?" ಅಕ್ಕ ಸದ್ದು ಮಾಡಬೇಡ ಎಂದು ಸನ್ನೆ ಮಾಡಲು ಹೋದಳು. ಮಾಡುವುದು ಯಾವ ಕೈಯಲ್ಲಿ? ಪೈಪಿನ ಕೈ ಎತ್ತಿದಳು. ಕರಾವಳಿಯ ಇನ್ನೊಂದು ಕಡೆಯೂ ಉತ್ತಮ ಮಳೆಯಾಯಿತು.

ಫೋನು ಇಟ್ಟ ಮೇಲೆ ನನಗೆ ನಗು ತಡೆಯಲಿಲ್ಲ. "ಗುಡುಗಿಗೆ ಎಂಥ ಮಾಡ್ತಿ ಅಕ್ಕ?" ಎಂದೆ.

"ಒಮ್ಮೆ ದಬರಿ ಬಡಿದೆ. ಸರಿ ಬರ್ಲಿಲ್ಲ, ಬಿಟ್ಟೆ" ಎಂದಳು ಅಷ್ಟೇ ಸಹಜವಾಗಿ. ಆಮೇಲೆ ಪೈಪು ಸುತ್ತುತ್ತ ಹೇಳಿದಳು. "ನಿಂಗೆ ನಗೆ. ಮಳೆ ಇಲ್ಲ ಅಂದ್ರೆ ಆ ಮನುಷ್ಯನ ಸ್ವರ ಕೇಳ್ಬೇಕು ನೀನು. ಗಂಟೆಗೊಮ್ಮೆ ಫೋನು, ಬಂತಾ, ಬಂತಾ ಅಂತ. ಆ ದಿನ ಅವರು ಊಟ ಸರಿ ಮಾಡುದಿಲ್ಲ, ನಂಗೆ ಗೊತ್ತು. ಅಷ್ಟು ದೂರದಲ್ಲಿರುವವರಿಗೆ ನಾನು ಬೇರೆ ಎಂಥ ಕಳಿಸ್ಲಿ? ಒಂದು ಬಕೆಟು ನೀರು ಹೋದ್ರೆ ಹೋಗ್ಲಿ. ನೀನು ಭಾವನಿಗೆ ಬಾಯಿ ಬಿಟ್ರೆ ನೋಡು."

ಬಾಯಿ ಬಿಡುವುದಿಲ್ಲ ಎಂದು ಅವಳ ಕೈ ಮುಟ್ಟಿ ಭಾಷೆ ಕೊಟ್ಟೆ. ಆಗ ನನಗೆ ಅದೊಂದು ತಮಾಷೆ. ಭಾವನ ಸಿದ್ಧಾಂತದಲ್ಲಿ ಹುರುಳಿದೆ ಎಂದು ನಾನು ಎಂದಾದರೂ ನಂಬಿದ್ದರೆ ತಾನೇ, ಪೈಪಿನಿಂದ ಅದಕ್ಕೆ ಏನಾಗುತ್ತದೆ ಎಂದು ಯೋಚಿಸುವುದು!

ಈ ವರ್ಷ ಊರಿನಲ್ಲಿ ಮಳೆ ಚೆನ್ನಾಗಿಯೇ ಹಿಡಿದಿತ್ತು. ಪೈಪಿಗೆ ಕೆಲಸವಿರಲಿಲ್ಲ. ಆಗಸ್ಟಿನ ಒಂದು ವಾರ ಮಾತ್ರ ಮಳೆ ಕುಂಟತೊಡಗಿತು. ಎಂಟಾಣೆ ಇದ್ದದ್ದು ನಾಲ್ಕಾಣೆಯಾಯಿತು, ನಾಲ್ಕಾಣೆ ಎರಡಾಣೆಯಾಯಿತು. ಒಂದು ಬೆಳಿಗ್ಗೆ ಅರೆನಿದ್ದೆಯಲ್ಲಿ ಬಾಲ್ಕನಿಯ ಮಾತು ಕೇಳಿಸಿತು. ಸ್ಪೀಕರಿನಲ್ಲಿ ಧೋ ಎಂಬ ಶಬ್ದ. "ಕೇಳ್ತದಾ?" ಎಂದಳು ಅಕ್ಕ. "ಕೇಳ್ತದೆ. ಒಳ್ಳೆ ಮಳೆ" ಎಂದರು ಭಾವ. ನಗುತ್ತಲೇ ಟೊಪ್ಪಿ ಹಾಕಿಕೊಂಡು ಇಳಿದು ಹೋದರು. ನಾನು ಮಗ್ಗುಲು ಬದಲಿಸಿದೆ.

ಏಳಕ್ಕೆ ಎದ್ದು ಫೋನು ನೋಡಿದರೆ ಅಕ್ಕನ ಸಂದೇಶ. "ಇವತ್ತು ಒಂದು ಹನಿ ಇಲ್ಲ ಮಾರಾಯ. ಪೈಪು ಹಿಡಿದೆ. ಭಾವನಿಗೆ ಹೇಳ್ಬೇಡ."

ಹೇಳುವುದಿಲ್ಲ ಬಿಡು ಎಂದುಕೊಂಡು, ಆಫೀಸಿಗೆ ಹೊರಟು, ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟೆ. ಕನ್ನಡಕಕ್ಕೆ ಮಂಜು ಕವಿದು ಏನೂ ಕಾಣಲಿಲ್ಲ. ಒರೆಸಿದೆ, ಮತ್ತೆ ಕವಿಯಿತು. ಗಾಳಿಯೇ ಇಲ್ಲ. ಕಾಕನ ಅಂಗಡಿಯ ಎದುರು ನೇತುಹಾಕಿದ್ದ ಬಟ್ಟೆಗಳಲ್ಲಿ ಒಂದೂ ಅಲುಗುತ್ತಿರಲಿಲ್ಲ. ಹತ್ತು ಹೆಜ್ಜೆಗೆ ಅಂಗಿ ಬೆನ್ನಿಗೆ ಅಂಟಿತು. ಮೇಲೆ ತಿರುಗಿ ನೋಡಿದರೆ ಬಾಲ್ಕನಿಯಲ್ಲಿ ನನ್ನ ಬೈರಾಸಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ.

"ಇದಪ್ಪ ಆಶ್ಲೇಷಾ ಸೆಕೆ!" ಎಂದರು ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಕಾಕ. ಭಾವನನ್ನು ವರ್ಷವಿಡೀ ಗೇಲಿ ಮಾಡುವವರು ಅವರ ನಕ್ಷತ್ರವನ್ನೇ ಹಿಡಿದು ಮಾತನಾಡಿದರು!

ಹಾಗಾದರೆ ಸಿದ್ಧಾಂತ ನಿಜ. ಅಲ್ಲಿ ಮಳೆ ನಿಂತಿದೆ, ಇಲ್ಲಿ ಗಾಳಿ ಬಿದ್ದಿದೆ. ಆದರೆ ಭಾವನಿಗೆ ಮಾತ್ರ ಮಳೆ ಬಂದಿದೆ! ಗಾಳಿ ಬಂದೇ ಬರುತ್ತದೆ ಎಂದು ನಂಬಿ ಅವರು ಹದಿನಾಲ್ಕು ಜನರನ್ನು ಮಾಡಿನ ಮೇಲೆ ಹತ್ತಿಸಿರುತ್ತಾರೆ. ಅಲ್ಲೇ ನಿಂತು ವಾಟ್ಸ್ಯಾಪ್ ಗುಂಪು ತೆರೆದೆ. ಆ ಗುಂಪನ್ನು ಎಂದೋ ಮ್ಯೂಟ್ ಮಾಡಿದ್ದೆನಲ್ಲ! ಐದೂಹತ್ತರ ಧ್ವನಿಸಂದೇಶ ಅಲ್ಲಿತ್ತು. "ಕರಾವಳಿಯ ಒಂದು ಕಡೆ ಮಳೆಯಾಗಿದೆ. ಪಿಕಪ್ ಬಂತು, ಯಲ್ಲಾ, ಹೊರಟೆ, ಉಳಿದದ್ದು ಆಮೇಲೆ." ಉಳಿದದ್ದು ಬಂದಿರಲಿಲ್ಲ. ಭಾವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರ ಫೋನು ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ.

ಬಾಸಿಗೆ ಹೊಟ್ಟೆನೋವು ಎಂದು ಸಂದೇಶ ಹಾಕಿ ಟ್ಯಾಕ್ಸಿ ಹಿಡಿದೆ. ಇಂಡಸ್ಟ್ರಿಯಲ್ ಏರಿಯಾದವರೆಗೂ ಒಂದೇ ಯೋಚನೆ. ಯಾರಾದರೂ ಬಿದ್ದರೆ? ಅದು ಪೈಪಿನಿಂದ ಎಂದು ಭಾವನಿಗೆ ಗೊತ್ತಾದರೆ ಅವರು ಅಕ್ಕನ ಮುಖವನ್ನು ಹೇಗೆ ನೋಡುತ್ತಾರೆ? ಅಕ್ಕನಿಗೆ ಗೊತ್ತಾದರೆ ಅವಳು ಬದುಕಿರುವವರೆಗೆ ಆ ನಲ್ಲಿ ತಿರುಗಿಸುತ್ತಾಳೆಯೇ? ಒಂದು ವರ್ಷ ಈ ಗುಟ್ಟನ್ನು ತಮಾಷೆಯೆಂದು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ ನನಗೆ ಏನು ಹೇಳಬೇಕು? ಭಾಷೆ ಮುರಿದರೂ ಸರಿ, ಇವತ್ತು ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಗೋದಾಮಿನ ಎದುರು ಇಳಿದಾಗ ಎಂಟು ಗಂಟೆ. ಕೈ ಅಡ್ಡ ಹಿಡಿದು ಮಾಡಿನ ಮೇಲೆ ನೋಡಿದೆ. ಒಬ್ಬನೂ ಇಲ್ಲ.

ಹದಿನಾಲ್ಕು ಜನರೂ ಗೋದಾಮಿನ ಒಳಗೆ, ದೊಡ್ಡ ಫ್ಯಾನಿನ ಎದುರು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಸಾಲಾಗಿ ಕುಳಿತು ಶೀಟು ಕತ್ತರಿಸುವ, ಪಟ್ಟಿಗೆ ತೂತು ಕೊರೆಯುವ ಕೆಲಸ ಮಾಡುತ್ತಿದ್ದರು. ಪಕ್ಕದಲ್ಲಿ ಉಪ್ಪು ಲಿಂಬೆಯ ನೀರಿನ ಡ್ರಮ್ಮು. ಏಣಿಯನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ಭಾವ ಕುಳಿತಿದ್ದರು. ಯಾರಾದರೂ ಹತ್ತುವುದಿದ್ದರೆ ಮೊದಲು ಅವರನ್ನು ಎಬ್ಬಿಸಬೇಕು! ಎದುರಿಗೆ ಹೊಸ ಇಂಜಿನಿಯರ್ ಕೆಂಪಗೆ ನಿಂತಿದ್ದ. ಹಿಂದಿಯಲ್ಲಿ ಜಗಳ ನಡೆದಿತ್ತು.

"ಹತ್ತು ಗಂಟೆಯವರೆಗೆ ಮೇಲೆ ಕೆಲಸ ಆಗಬೇಕಿತ್ತು. ಯಾರು ಹೇಳಿದ್ದು ನಿಲ್ಲಿಸಲಿಕ್ಕೆ?"

"ಮೇರಾ ಬೀವಿ ಬೋಲಾ" ಎಂದರು ಭಾವ.

ನನ್ನ ಹೆಂಡತಿ ಹೇಳಿದಳು! ಇಂಜಿನಿಯರಿಗೆ ಅದನ್ನು ಯಾವ ಫಾರ್ಮಿನಲ್ಲಿ ತುಂಬಬೇಕೆಂದು ತಿಳಿಯಲಿಲ್ಲ. ಸೆಕೆ ಅಳೆಯುವ ಮೀಟರಿನಲ್ಲಿ ಎಲ್ಲ ಸರಿಯಾಗಿದೆ, ಅದು ಮಿತಿ ದಾಟಿದರೆ ಮಾತ್ರ ಕೆಲಸ ನಿಲ್ಲಿಸುವುದು, ಹೆಂಡತಿಯರು ಹೇಳಿದಾಗಲ್ಲ ಎಂದು ಕೂಗಾಡಿದ. ಮೀಟರ್ ಎಲ್ಲುಂಟು ಎಂದು ಭಾವ ಕೇಳಿದರು. ತನ್ನ ಕ್ಯಾಬಿನ್ನಿನಲ್ಲಿದೆ ಎಂದ. ಬಿಸಿಲಿನಲ್ಲಿ ಇಟ್ಟರೆ ಬೆಲೆಬಾಳುವ ಸಾಮಾನು ಹಾಳಾಗುತ್ತದೆ ಎಂದು ಎಸಿಯಲ್ಲಿ ಇಟ್ಟಿದ್ದಾನಂತೆ!

ಭಾವ ಎದ್ದರು. ಏಣಿಯ ಮೇಲೆ ನನ್ನನ್ನು ಕೂರಿಸಿ, "ಏಳ್ಬೇಡ" ಎಂದು ಹೇಳಿ, ಕ್ಯಾಬಿನ್ನಿಗೆ ಹೋಗಿ ಮೀಟರ್ ತಂದು ಅಂಗಳದ ನಡುವೆ ಇಟ್ಟರು. "ಥರ್ಮಾಮೀಟರು ಡಾಕ್ಟ್ರ ಕಿಸೆಯಲ್ಲೇ ಇದ್ರೆ ರೋಗಿಗೆ ಜ್ವರ ಇಲ್ಲ ಅಂತಲೇ ತೋರಿಸುದು" ಎಂದು ನನ್ನ ಕಡೆ ನೋಡಿ ತುಳುವಿನಲ್ಲಿ ಗೊಣಗಿದರು. ಎಲ್ಲರೂ ಕಾದೆವು. ಅಂಕಿ ನಿಧಾನಕ್ಕೆ ಏರಿತು, ಏರಿತು, ಮಿತಿಯ ಹತ್ತಿರ ಬಂದು ಒಂದು ಕ್ಷಣ ನಿಂತಿತು, ಆಮೇಲೆ ದಾಟಿತು. ಮೀಟರು ಕೀ ಕೀ ಎಂದು ಕೂಗತೊಡಗಿತು. ಇಂಜಿನಿಯರು ಹಣೆಯ ಬೆವರು ಒರೆಸಿಕೊಂಡ. ಅವನೂ ಪಾಪ, ಊರು ಬಿಟ್ಟು ಬಂದ ಮನುಷ್ಯನೇ. "ಖಲಾಸ್, ಇವತ್ತು ಒಳಗೇ ಮಾಡಿ" ಎಂದು ಹೇಳಿ, ಮೀಟರನ್ನು ಹೊರಗೇ ಬಿಟ್ಟು ಹೋದ.

ಆ ಮೀಟರಿನ ಒಳಗೂ ಒಂದು ಒದ್ದೆ ಬಟ್ಟೆ ಇರುತ್ತದಂತೆ. ನನ್ನ ಬೈರಾಸಿಗೆ ಅಂದು ಸ್ವಲ್ಪ ಮರ್ಯಾದೆ ಬಂತು.

"ನೀನು ಎಂಥಕ್ಕೆ ಬಂದದ್ದು?" ಎಂದರು ಭಾವ, ಲಿಂಬೆ ನೀರು ಕೊಡುತ್ತ. ಹೇಳಲೇಬೇಕಿತ್ತು.

"ಭಾವ, ಬೆಳಿಗ್ಗೆ ಅಕ್ಕ ಕೇಳಿಸಿದ್ಳಲ್ಲ, ಅದು ಮಳೆ ಅಲ್ಲ. ಪೈಪು."

ಭಾವ ನನ್ನನ್ನೇ ನೋಡಿದರು. ಸಿಟ್ಟು ಬರುತ್ತದೆ ಎಂದು ಕಾದೆ. ಅವರ ಮುಖದಲ್ಲಿ ಸಿಕ್ಕಿಬಿದ್ದವರ ನಾಚಿಕೆ ಮೂಡಿತು.

"ಅದು ನಿಂಗೂ ಗೊತ್ತುಂಟಾ?"

ಅವರು ಬಂದು ನನ್ನ ಪಕ್ಕ ಏಣಿಯ ಮೇಲೆ ಕುಳಿತರು.

"ಆ ಶೀಟು ಹಾಕಿದ್ದು ನಾನು. ಅದ್ರ ಒಂದೊಂದು ಸ್ಕ್ರೂವಿನ ಸ್ವರ ನಂಗೆ ಗೊತ್ತುಂಟು. ಮಳೆ ಬರುದು ಸಮುದ್ರದ ಕಡೆಯಿಂದ, ಮೊದ್ಲು ಬಡಿಯುದು ಪಡುವಣ ಮೂಲೆಗೆ. ನಲ್ಲಿ ಇರುದು ಮೂಡು ಬದಿಯಲ್ಲಿ. ಇವಳ ಮಳೆ ಬರುದು ಮೂಡಿನಿಂದ!" ಎಂದು ಸಣ್ಣಗೆ ನಕ್ಕರು. "ಮತ್ತೆ ಮಳೆಗೆ ಕೈ ನೋಯುದಿಲ್ಲ. ಇವಳದ್ದು ಒಂದು ನಿಮಿಷ ಆದ ಮೇಲೆ ಸಣ್ಣ ಆಗ್ತದೆ, ಕೈ ಬದ್ಲಿಸುವಾಗ ಒಮ್ಮೆ ನಿಲ್ತದೆ. ಮೊದ್ಲ ದಿನವೇ ಗೊತ್ತಾಯ್ತು ನಂಗೆ. ಅವಳು ಪೈಪು ಹಿಡಿದ್ಳು ಅಂದ್ರೆ ಅಲ್ಲಿ ಮಳೆ ಇಲ್ಲ. ಅಲ್ಲಿ ಮಳೆ ಇಲ್ಲದಿದ್ರೆ ಇಲ್ಲಿ ನಾನು ಯಾರನ್ನೂ ಮಾಡು ಹತ್ತಿಸುದಿಲ್ಲ. ಅದಕ್ಕೇ ನಾನು ವರದಿಯಲ್ಲಿ ಹೇಳುದು, ಕರಾವಳಿಯ ಒಂದು ಕಡೆ ಮಳೆ ಅಂತ. ಒಂದೇ ಕಡೆ. ನಮ್ಮ ಮನೆ ಹಿಂದೆ."

ಎರಡು ವರ್ಷ ನಾನು ತಿದ್ದುತ್ತಿದ್ದ ತಪ್ಪು!

"ಮತ್ತೆ ಅಕ್ಕನಿಗೆ ಹೇಳ್ಬಾರ್ದಾ ಭಾವ? ಸುಮ್ಮನೆ ಮಳೆ ಇಲ್ಲ ಅಂದ್ರೆ ಆಯ್ತಲ್ಲ. ಅವಳಿಗೂ ಕಷ್ಟ ತಪ್ತದೆ."

ಭಾವ ಲಿಂಬೆ ನೀರಿನ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಹೊರಗೆ ಮೀಟರು ಇನ್ನೂ ಕೂಗುತ್ತಿತ್ತು.

"ಹೇಳಿದ್ರೆ ನಿಲ್ಲಿಸ್ತಾಳೆ" ಎಂದರು. "ಮೇಲಿನ ಮಳೆ ಊರಿಗೆಲ್ಲ ಬೀಳ್ತದೆ ಮಾರಾಯ. ಇದು ನಂಗೆ ಮಾತ್ರ ಅಲ್ವಾ? ಮೂವತ್ತು ವರ್ಷದಲ್ಲಿ ಒಂದು ಮಳೆಗಾಲ ನಾನು ಅವಳ ಜೊತೆ ಪೂರ್ತಿ ಕೂತದ್ದಿಲ್ಲ. ಅವಳಿಗೆ ಹೇಳ್ಬೇಡ ನೀನು."

ಅಕ್ಕನಿಗೆ ಕೊಟ್ಟ ಭಾಷೆಯ ಪಕ್ಕದಲ್ಲಿ ಭಾವನಿಗೂ ಒಂದು ಭಾಷೆ ಕೊಟ್ಟೆ. ಕಣ್ಣು ಒದ್ದೆಯಾಯಿತು. ಬೆವರೆಂದು ಒರೆಸಿಕೊಂಡೆ, ಅವರೂ ಬೆವರೆಂದೇ ತಿಳಿದವರಂತೆ ಮುಖ ತಿರುಗಿಸಿದರು.

ಮರುದಿನ ಐದು ಗಂಟೆಗೆ ನಾನೂ ಎದ್ದು ಬಾಲ್ಕನಿಯ ಬಾಗಿಲಲ್ಲಿ ನಿಂತೆ. ಗಾಳಿ ಇರಲಿಲ್ಲ. ಫೋನಿನಲ್ಲಿ ಧೋ ಎಂದು ಮಳೆ ಸುರಿಯುತ್ತಿತ್ತು. ಒಂದು ನಿಮಿಷಕ್ಕೆ ಸಣ್ಣಗಾಯಿತು, ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಭಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಕೇಳ್ತದಾ?"

"ಕೇಳ್ತದೆ. ಹದಿನಾರಾಣೆ ಮಳೆ. ನೀನು ಒದ್ದೆ ಆಗ್ಬೇಡ, ಒಳಗೆ ಹೋಗು."

ಆಮೇಲೆ ಗಂಟಲು ಸರಿಮಾಡಿಕೊಂಡು, ರೇಡಿಯೋದ ಧಾಟಿಯಲ್ಲಿ ಗುಂಪಿಗೆ ಹೇಳಿದರು. "ಕರಾವಳಿಯ ಒಂದು ಕಡೆ ಮಳೆಯಾಗಿದೆ. ಇವತ್ತು ಯಾರೂ ಮಾಡು ಹತ್ತಬಾರದು."